ಬರೀ ಮಾದೇವ ಎಂದರೆ ತಿರುಗುವುದಿಲ್ಲ

ಯಾರಾದರೂ ಬೆನ್ನ ಹಿಂದಿನಿಂದ ‘ಮಾದೇವಾ’ ಎಂದು ಕೂಗಿದರೆ ನಾನು ತಿರುಗಿ ನೋಡುವುದಿಲ್ಲ. ಇದನ್ನು ಜಂಬ ಎಂದುಕೊಂಡವರಿದ್ದಾರೆ. ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಓದುತ್ತಿದ್ದಾಗ ಹಾಸ್ಟೆಲ್ಲಿನ ಗೆಳೆಯರು ನನ್ನ ಕಿವಿ ಮಂದ ಎಂದು ತೀರ್ಮಾನಿಸಿದ್ದರು. ಒಬ್ಬನಂತೂ ತನ್ನ ತಾತನಿಗೆ ಗುಣ ಕೊಟ್ಟ ಎಣ್ಣೆಯೊಂದನ್ನು ಊರಿನಿಂದ ತಂದು, ನಾನು ಮಲಗಿದ್ದಾಗ ಬಿಡಲು ನೋಡಿದ್ದ. ನನ್ನ ಕಿವಿ ನೆಟ್ಟಗಿದೆ. ನಾನು ಪಣಕಹಳ್ಳಿಯವನು, ಅಷ್ಟೇ. ನಮ್ಮೂರಿನ ಬೀದಿಯಲ್ಲಿ ಬರೀ ಮಾದೇವ ಎಂಬ ಕೂಗಿಗೆಲ್ಲ ತಿರುಗುತ್ತ ಹೋದರೆ ಸಂಜೆಯ ಹೊತ್ತಿಗೆ ಕತ್ತು ಉಳುಕಿರುತ್ತದೆ.

ತಮಿಳುನಾಡಿಗೆ ಸೇರಿದ, ಗಡಿಯ ಮೇಲಿನ ನಮ್ಮ ತಾಳವಾಡಿ ಸೀಮೆಯವರು ಮಾದಪ್ಪನ ಒಕ್ಕಲು. ಮಕ್ಕಳಿಲ್ಲದವರು ಮಕ್ಕಳಾಗಲಿ ಎಂದು ಅವನಿಗೆ ಹರಕೆ ಹೊರುತ್ತಾರೆ. ಮಕ್ಕಳಿದ್ದವರು ಇರುವುದು ಉಳಿಯಲಿ ಎಂದು ಹೊರುತ್ತಾರೆ. ಎರಡೂ ತಾಪತ್ರಯ ಇಲ್ಲದವರು, ಊರೆಲ್ಲ ಹೊತ್ತಿರುವಾಗ ನಾವೊಬ್ಬರು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೊರುತ್ತಾರೆ. ಹರಕೆ ಹೊತ್ತ ಮೇಲೆ ಬೇರೆ ಹೆಸರಿಡಲು ಯಾರಿಗೆ ಧೈರ್ಯ? ಗಂಡಾದರೆ ಮಾದೇವ ಇಲ್ಲವೇ ಮಾದಪ್ಪ, ಹೆಣ್ಣಾದರೆ ಮಾದಮ್ಮ. ಸಾಲದ್ದಕ್ಕೆ ತಾತನ ಹೆಸರನ್ನು ಮೊಮ್ಮಗನಿಗೆ ಇಡಬೇಕು ಎಂಬುದೊಂದಿದೆ. ತಾತನ ಹರಕೆಯೂ ಇದೇ ದೇವರಿಗೆ ಸಂದಿರುತ್ತದೆಯಾದ್ದರಿಂದ ಆ ಕಡೆಯಿಂದಲೂ ಬಿಡುಗಡೆ ಇಲ್ಲ.

ಹೀಗಿರುವಲ್ಲಿ ಜನ ಬದುಕಬೇಕಲ್ಲ. ಅದಕ್ಕೆ ಎಲ್ಲರಿಗೂ ಮುಂದೊಂದು ಕೊಂಡಿ. ಬೇವಿನಮರದ ಬುಡದಲ್ಲಿ ಮನೆ ಇರುವವನು ಬೇವಿನ್ಮರದ ಮಾದೇವ. ಎಂದೋ ಒಮ್ಮೆ ಮದುವೆಯ ಊಟದಲ್ಲಿ ಪಾಯಸ ಸಾಲದೆ ಎದ್ದು ಹೋದವನು ಇವತ್ತಿಗೂ ಪಾಯಸದ ಮಾದೇವ, ಅವನ ಮಗಳು ಪಾಯಸದೋರ ಹುಡುಗಿ. ಯಾವ ಜಗಳ ನಡೆದರೂ ಬಾಯಿ ಬಿಡದೆ ಕಂಬಕ್ಕೆ ಒರಗಿ ನಿಂತಿರುವ ಹಿರಿಯರೊಬ್ಬರು ಸುಮ್ಕಿರೋ ಮಾದೇವಣ್ಣ. ನನ್ನ ದೊಡ್ಡಪ್ಪನ ಮಗ ತರಕಾರಿ ಗಾಡಿ ಓಡಿಸುತ್ತಾನಾದ್ದರಿಂದ ಗಾಡಿ ಮಾದೇವ. ನಾನು ದಿನವಿಡೀ ಲ್ಯಾಪ್‌ಟಾಪ್ ತೆರೆದು ಮುಚ್ಚುತ್ತ ಕೂರುತ್ತೇನೆಂದು ಪೆಟ್ಟಿ ಮಾದೇವ. ಪೆಟ್ಟಿ ಎಂದರೆ ಇಲ್ಲಿ ಡಬ್ಬ. ಈ ಹೆಸರು ನನಗೆ ಇಷ್ಟವಿಲ್ಲ. ಆದರೆ ‘ಪೆಟ್ಟೀ’ ಎಂದರೆ ತಕ್ಷಣ ತಿರುಗುತ್ತೇನೆ.

ಗಾಡಿಯೂ ನಾನೂ ಒಂದೇ ಮಳೆಗಾಲದಲ್ಲಿ ಹುಟ್ಟಿದವರು. ಅವನು ಮೊದಲು, ನಾನು ಸ್ವಲ್ಪ ಹಿಂದೆ. ಒಂದೇ ಬೆಂಚು, ಒಂದೇ ಸ್ಲೇಟು. ಇಷ್ಟು ವರ್ಷದಲ್ಲಿ ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ಹೊಲದ ಬದುವಿನಲ್ಲಿ ನಿಂತು ನನ್ನ ಹೆಸರನ್ನು ನಾನೇ ಕೂಗಿಕೊಂಡರೆ ನೋಡಿದವರು ಏನೆಂದುಕೊಳ್ಳಬೇಕು? ‘ಲಾ’ ಎಂದರೆ ಅವನು, ಅವನು ‘ಲಾ’ ಎಂದರೆ ನಾನು.

ಈ ಊರಿನಲ್ಲಿ ಕೊಂಡಿ ಇಲ್ಲದೆ ಮಗನನ್ನು ಕರೆಯಬಲ್ಲವಳು ಒಬ್ಬಳೇ, ಗಾಡಿಯ ತಾಯಿ, ನನ್ನ ದೊಡ್ಡವ್ವ. ಶಾಲೆ ಬಿಟ್ಟ ಮೇಲೆ ನಾವೆಲ್ಲ ಅರಳಿಕಟ್ಟೆಯ ಹತ್ತಿರ ಗೋಲಿ ಆಡುತ್ತಿದ್ದೆವು. ಆಡುವವರಲ್ಲಿ ಅರ್ಧಕ್ಕರ್ಧ ಮಾದೇವರು. ದೊಡ್ಡವ್ವ ಸೌದೆಯ ಹೊರೆ ಹೊತ್ತು ದೂರದಿಂದಲೇ ‘ಮಾದೇವಾ’ ಎಂದು ಎಳೆಯುತ್ತಿದ್ದಳು. ‘ಮಾ’ ಗಿಡ್ಡ, ‘ದೇ’ ಉದ್ದ, ಕೊನೆಯಲ್ಲಿ ಕೆಳಗಿಳಿದು ಮತ್ತೆ ಏರುವ ಒಂದು ತಿರುವು. ಗೋಲಿ ಆಡುವವರ ಪೈಕಿ ಒಂದೇ ತಲೆ ಮೇಲೇಳುತ್ತಿತ್ತು. ನಾನು ಬೇಕೆಂದೇ ಒಂದು ದಿನ ಎದ್ದು ಓಡಿದೆ. ಹೊರೆ ಇಳಿಸದೆ ನನ್ನ ಮುಖ ನೋಡಿ, “ನಿನ್ನ ಯಾರ್ಲಾ ಕರೆದ್ರು, ಓಗು” ಎಂದು ವಾಪಸ್ ಅಟ್ಟಿದಳು. ಓಡಿ ಹೋದದ್ದಕ್ಕೆ ಹುರಿಗಡಲೆಯಾದರೂ ಕೊಡುತ್ತಾಳೆ ಎಂದುಕೊಂಡಿದ್ದೆ.

ಶಾಲೆಯ ಹಾಜರಿಯ ಹೊತ್ತಂತೂ ನಮಗೆ ಆಟವಾಗಿತ್ತು. ನಮ್ಮ ಹೆಡ್ಮಾಸ್ತರು ಘಾಟಿಯ ಕೆಳಗಿನವರು, ತಮಿಳಿನವರು, ಸಭ್ಯ ಮನುಷ್ಯ. ‘ಎಂ. ಮಾದೇವನ್’ ಎಂದು ಕರೆದರೆ ಇಡೀ ಬೆಂಚು ‘ಉಳ್ಳೇನ್ ಅಯ್ಯಾ’ ಎನ್ನುತ್ತಿತ್ತು. ಒಬ್ಬ ಮಾದೇವ ದನ ಕಾಯಲು ಹೋಗಿದ್ದರೂ ಇನ್ನೊಬ್ಬನ ಬಾಯಿ ಇರುತ್ತಿತ್ತಾದ್ದರಿಂದ ನಮ್ಮ ತರಗತಿಯಲ್ಲಿ ಗೈರುಹಾಜರಿ ಎಂಬುದೇ ಇರಲಿಲ್ಲ. ತಪ್ಪು ಮಾಡಿದವನು ಯಾವ ಮಾದೇವ ಎಂದು ತಿಳಿಯದೆ ಎಲ್ಲ ಮಾದೇವರಿಗೂ ಏಟು ಬೀಳುತ್ತಿದ್ದದ್ದು ಇದರ ಇನ್ನೊಂದು ಮುಖ.

ಆ ಮಾಸ್ತರು ನಮ್ಮನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಎರಡು ಕೆಲಸ ಮಾಡಿದರು. ಗಾಡಿಯ ಅಪ್ಪ ದೊಡ್ಡಮಾದಪ್ಪ, ನನ್ನ ಅಪ್ಪ ಚಿಕ್ಕಮಾದಪ್ಪ. ದೊಡ್ಡ, ಚಿಕ್ಕ ಎಂಬುದು ಆಳಿನ ಗಾತ್ರವಿರಬೇಕು ಎಂದುಕೊಂಡು ಇಬ್ಬರದನ್ನೂ ಬಿಟ್ಟು, ಇಬ್ಬರ ತಂದೆಯ ಹೆಸರನ್ನೂ ಬರೀ ಮಾದಪ್ಪನ್ ಎಂದು ಬರೆದರು. ಹುಟ್ಟಿದ ದಿನ ಕೇಳಿದರೆ ನನ್ನ ಅವ್ವ “ಮುಸುಕಿನ ಜೋಳ ಎದೆ ಮಟ ಬಂದಿತ್ತು” ಎಂದಳಂತೆ. ದೊಡ್ಡವ್ವ “ಇವ್ಳ್ ಮಗನ್ಗಿಂತ ಮುಂದ್ಲೆ” ಎಂದಳಂತೆ. ಜೋಳದ ಎತ್ತರಕ್ಕೆ ತಾರೀಕು ಹಾಕಲು ಅವರಿಗಾದರೂ ಹೇಗೆ ಬರಬೇಕು? ವಯಸ್ಸು ಸರಿಯಾಗಿ ಕೂರುವ ಹಾಗೆ, ಶಾಲೆ ತೆರೆಯುವ ತಿಂಗಳ ಮೊದಲ ತಾರೀಕನ್ನು ಇಡೀ ತರಗತಿಗೆ ಕೊಟ್ಟುಬಿಟ್ಟರು. ನಮ್ಮೂರಿನವರೆಲ್ಲ ಒಂದೇ ದಿನ ಹುಟ್ಟಿದವರು. ಆ ದಿನ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಪಾಡು ನೆನೆದರೆ ಅಯ್ಯೋ ಅನ್ನಿಸುತ್ತದೆ.

ಹೀಗೆ ಸರ್ಕಾರದ ಕಣ್ಣಿನಲ್ಲಿ ಗಾಡಿಗೂ ನನಗೂ ಹೆಸರು ಒಂದು, ತಂದೆಯ ಹೆಸರು ಒಂದು, ಊರು ಒಂದು, ಹುಟ್ಟಿದ ದಿನ ಒಂದು. ಇದರಿಂದ ಬಹಳ ವರ್ಷ ನಮಗೆ ಯಾವ ತೊಂದರೆಯೂ ಆಗಲಿಲ್ಲ. ಒಂದೇ ಒಂದು ಸಲ ಅವನ ಲಗ್ನಪತ್ರಿಕೆ ನೋಡಿ ನನ್ನ ಕಾಲೇಜಿನ ಗೆಳೆಯರು ನನಗೆ ಅಭಿನಂದನೆ ಕಳಿಸಿದ್ದರು.

ಇನ್ನು ನನ್ನ ಚಟದ ಮಾತು. ಕೆಲವರು ಊಟವಾದ ಮೇಲೆ ಎಲೆ ಅಡಿಕೆ ಹಾಕುತ್ತಾರೆ. ನಾನು ಉತ್ತರ ಹಾಕುತ್ತೇನೆ. ಕೊಯಮತ್ತೂರಿನ ಸಣ್ಣ ಕಂಪನಿಯೊಂದರ ಹಳೆಯ ಕೋಡನ್ನು ಮನೆಯಿಂದಲೇ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು, ಜೊತೆಗೊಂದಿಷ್ಟು ಟೊಮೇಟೊ, ಕೋಸು. ಬಿಡುವಾದಾಗ ತಾರಸಿ ಹತ್ತಿ, ಸಿಂಟೆಕ್ಸ್ ಟ್ಯಾಂಕಿನ ನೆರಳಿನಲ್ಲಿ, ಸಿಗ್ನಲ್ಲು ಸಿಗುವ ಒಂದು ಮೊಳ ಜಾಗದಲ್ಲಿ ಕೂರುತ್ತೇನೆ. ಪ್ರಪಂಚದ ಪ್ರೋಗ್ರಾಮರುಗಳೆಲ್ಲ ಬಂದು ಪ್ರಶ್ನೆ ಕೇಳುವ ಜಾಲತಾಣವೊಂದಿದೆ. ಈ ಕ್ಲಾಸ್ ಹೀಗೆ ಬರೆಯಬಹುದೇ, ಆ ಆಬ್ಜೆಕ್ಟ್ ಒಳಗೆ ಇದನ್ನು ಇಡಬಹುದೇ, ಒಳ್ಳೆಯ ರೂಢಿ ಯಾವುದು, ಕೆಟ್ಟ ರೂಢಿ ಯಾವುದು ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಸರಿ ಎನಿಸಿದವರು ಮೇಲೆ ಒತ್ತುತ್ತಾರೆ, ತಪ್ಪು ಎನಿಸಿದವರು ಕೆಳಗೆ ಒತ್ತುತ್ತಾರೆ. ಗಾಡಿ ಒಂದು ದಿನ ಪಕ್ಕದಲ್ಲಿ ಕೂತು ನೋಡಿ, “ಅವ್ರೇನ್ ನಿನ್ ನೆಂಟ್ರಾ?” ಎಂದು ಕೇಳಿದ. ಅಲ್ಲ ಎಂದೆ. “ಮತ್ಯಾಕ್ಲಾ ಅವ್ರ್ ಮನೆ ಉಸಾಬರಿ?” ಎಂದ. ಯಾರೋ ಕೇಳಿದರೆ ಹೇಳಬೇಕು ಎನ್ನಿಸುತ್ತದೆ. ದಾರಿ ಕೇಳಿದವನಿಗೆ ಹೇಳದೆ ಹೋಗುತ್ತೀರಾ?

ಒಂದು ಕಾಲದಲ್ಲಿ ಅಲ್ಲಿ ನನಗೆ ಮರ್ಯಾದೆಯೂ ಇತ್ತು. ಕೋಡಿನಲ್ಲಿ ಹೆಸರಿಡುವುದು ಹೇಗೆ ಎಂದು ಒಬ್ಬಾಕೆ ಕೇಳಿದ್ದಳು. ಎಲ್ಲದಕ್ಕೂ ಡೇಟಾ, ವ್ಯಾಲ್ಯೂ, ಟೆಂಪ್ ಎಂದು ಹೆಸರಿಡುವುದು ನಮ್ಮೂರಿನ ಬೀದಿಯಲ್ಲಿ ಬರೀ ಮಾದೇವ ಎಂದು ಕೂಗಿದ ಹಾಗೆ, ಯಾರು ಬರುತ್ತಾರೋ ದೇವರಿಗೇ ಗೊತ್ತು. ಇರುವ ಜಾಗದಲ್ಲಿ ಇದು ಯಾವುದರಿಂದ ಬೇರೆ ಎಂಬುದು ಹೆಸರಿನಲ್ಲಿ ಕಾಣಬೇಕು ಎಂದು ಬರೆದೆ. ಪಾಯಸದ ಮಾದೇವನ ಕತೆಯನ್ನೂ ಹಾಕಿದೆ. ಜನ ಮೇಲೆ ಒತ್ತಿದ್ದೇ ಒತ್ತಿದ್ದು. ಯಾವ ಯಾವುದೋ ದೇಶದವರು ಪಾಯಸ ಎಂದರೇನು ಎಂದು ಕೇಳಿದರು. ನಗಿಸುವ ಮಾದೇವ ಎಲ್ಲರಿಗೂ ಬೇಕು. ಅದು ನನಗೆ ಆಮೇಲೆ ತಿಳಿಯಿತು.

ಅಷ್ಟರಲ್ಲಿ ಆಸ್ಪತ್ರೆಯ ಸಂಗತಿ ನಡೆಯಿತು. ಘಾಟಿ ಇಳಿದ ಮೇಲೆ ನಾವು ಹೋಗುವ ಸಣ್ಣ ಆಸ್ಪತ್ರೆಯೊಂದಿದೆ. ಬೇಸಿಗೆಯಲ್ಲಿ ನನಗೆ ಜ್ವರ ಬಂದು ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಮೊದಲು ಚರ್ಮದ ಮೇಲೆ ಒಂಚೂರು ಚುಚ್ಚಿ ನೋಡಿ, ಊತ ಬರಲಿಲ್ಲ ಎಂದು ಖಚಿತವಾದ ಮೇಲೆ ಪೂರ್ತಿ ಕೊಟ್ಟರು. ವಾಸಿಯಾಯಿತು. ಮುಂದಿನ ತಿಂಗಳು ಗಾಡಿಯ ಅಂಗೈಗೆ ವಾಹನದ ಹಿಂಬಾಗಿಲ ತಗಡು ಕೊಯ್ದು ಕೀವಾಯಿತು. ಅವನು ಸ್ಟಿಯರಿಂಗ್ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ನಾನೇ ಅವನನ್ನೂ ದೊಡ್ಡವ್ವನನ್ನೂ ಕೂರಿಸಿಕೊಂಡು ಇಳಿದೆ. ಅವರನ್ನು ಬಾಗಿಲಲ್ಲಿ ಬಿಟ್ಟು ವಾಹನ ನಿಲ್ಲಿಸಲು ಜಾಗ ಹುಡುಕಿ ಬರುವಷ್ಟರಲ್ಲಿ ಒಳಗೆ ಜಗಳ.

ದೊಡ್ಡವ್ವ ನರ್ಸಿನ ಮಣಿಕಟ್ಟು ಹಿಡಿದುಕೊಂಡಿದ್ದಳು. ನರ್ಸಿನ ಕೈಯಲ್ಲಿ ತುಂಬಿದ ಸಿರಿಂಜು. ಗಾಡಿ ಜ್ವರದ ತಾಪಕ್ಕೆ ಗೋಡೆಗೆ ತಲೆ ಕೊಟ್ಟು ಅರೆಗಣ್ಣು ಬಿಟ್ಟುಕೊಂಡು ಕೂತಿದ್ದ. ನರ್ಸು ಒಳ್ಳೆಯ ಹೆಣ್ಣುಮಗಳು. ಬೈಯಲಿಲ್ಲ, ಕೈ ಕೊಸರಲೂ ಇಲ್ಲ. “ಪೋನ ಮಾಸಂ ವಂದೀಂಗಳೇ ಅಮ್ಮಾ” ಎನ್ನುತ್ತಿದ್ದಳು. ಹೋದ ತಿಂಗಳು ಬಂದಿದ್ದೀರಿ, ಇದೇ ಸೂಜಿ ಹಾಕಿದ್ದೇವೆ, ಚುಚ್ಚಿ ನೋಡಿಯೂ ಆಗಿದೆ, ಏನೂ ಆಗಲಿಲ್ಲ, ಕಂಪ್ಯೂಟರಿನಲ್ಲಿ ಎಲ್ಲ ಇದೆ ಎಂದು ಪರದೆ ತೋರಿಸುತ್ತಿದ್ದಳು. ದೊಡ್ಡವ್ವನಿಗೆ ಪರದೆ ಓದಲು ಬರುವುದಿಲ್ಲ. “ಅದ್ರಲ್ಲಿರೋನು ಯಾರೋ ನಂಗೊತ್ತಿಲ್ಲ ಕಣವ್ವ. ಇವ್ನು ನನ್ ಮಗ. ಚಿಕ್ಕೋನಾಗಿದ್ದಾಗ ಈ ಸೂಜಿ ಆಕಿ ಮಕ ಬೂದುಗುಂಬ್ಳ ಆಗಿ ಉಸ್ರು ನಿಂತೋಗಿತ್ತು. ಅವತ್ತಿಂದ ಇದ್ರ ಎಸ್ರ ನಾ ಮರ್ತಿಲ್ಲ. ನಾ ಕೈ ಬುಡಾಕಿಲ್ಲ” ಎಂದಳು.

ನಾನು ಮುಂದೆ ಹೋಗಿ, ಹೋದ ತಿಂಗಳು ಬಂದವನು ನಾನು ಎಂದೆ. ನರ್ಸು ಹೆಸರು ಕೇಳಿದಳು. ಮಾದೇವ ಎಂದೆ. ಅಪ್ಪಾ ಪೇರು? ಮಾದಪ್ಪ. ಊರು? ಪಣಕಹಳ್ಳಿ. ಹುಟ್ಟಿದ ದಿನವನ್ನೂ ಹೇಳಿದೆ. ಅವಳು ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು, ಗಾಡಿಯನ್ನು ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು, ಆದರೆ ಸಿರಿಂಜನ್ನು ಟ್ರೇಯಲ್ಲಿಟ್ಟಳು. ಡಾಕ್ಟರು ಬಂದು ಬೇರೆ ಮದ್ದು ಕೊಟ್ಟರು. ಅಲ್ಲಿಯವರೆಗೂ ದೊಡ್ಡವ್ವ ಅವಳ ಕೈ ಬಿಟ್ಟಿರಲಿಲ್ಲ. ಬಿಟ್ಟ ಮೇಲೆ ಮೂಲೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಗಾಡಿ ಸತ್ತಿದ್ದರೆ ನನ್ನ ಜ್ವರ ವಾಸಿಯಾದ ಪುಣ್ಯಕ್ಕೆ ಸಾಯುತ್ತಿದ್ದ.

ಹೊರಡುವ ಮುನ್ನ ಗಾಡಿಗೆ ಬೇರೆ ದಾಖಲೆ ಮಾಡಿಕೊಡಿ ಎಂದು ಕೇಳಿದೆ. ಪಾಪ, ಅವಳು ಬೆರಳು ನೋಯುವಷ್ಟು ಪ್ರಯತ್ನ ಪಟ್ಟಳು. ನಾಲ್ಕು ವಿವರ ತುಂಬಿ ಒತ್ತಿದರೆ ಸಾಕು, ಈ ವ್ಯಕ್ತಿ ಮೊದಲೇ ಇದ್ದಾರೆ ಎಂದು ಕಂಪ್ಯೂಟರು ನನ್ನದನ್ನೇ ತೆರೆದು ಕೂರಿಸುತ್ತಿತ್ತು. ಕೊನೆಗೆ ಈ ಇಂಜೆಕ್ಷನ್ ಆಗದು ಎಂದು ನನ್ನ ದಾಖಲೆಯಲ್ಲೇ ಬರೆದು, ಒಂದು ಚೀಟಿಯಲ್ಲೂ ಕೆಂಪು ಶಾಯಿಯಲ್ಲಿ ಗೀಚಿ ಕೊಟ್ಟಳು. ಚೀಟಿ ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಮುದ್ದೆಯಾಯಿತು. ಹೀಗೆ ಆ ಆಸ್ಪತ್ರೆಯ ಪಾಲಿಗೆ ನಾವಿಬ್ಬರೂ ಒಬ್ಬನೇ ಮಾದೇವ. ಅವನಿಗೆ ಜ್ವರವೂ ಬಂದಿದೆ, ಅಂಗೈಯೂ ಕೊಯ್ದಿದೆ, ಇಂಜೆಕ್ಷನ್ ಒಗ್ಗಿದೆ, ಒಗ್ಗಿಯೂ ಇಲ್ಲ. ಮುಂದೆ ಯಾರು ಯಾವ ಸಾಲು ಓದುತ್ತಾರೋ ಅದರ ಮೇಲೆ ಗಾಡಿಯ ಜೀವ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ತಾರಸಿಯಲ್ಲಿ ಕೂತು ಜಾಲತಾಣ ತೆರೆದರೆ ಒಂದು ಪ್ರಶ್ನೆ ಬಂದಿತ್ತು. ಕೇಳಿದವನು ಯಾವ ಊರಿನವನೋ, ಯಾವ ಆಸ್ಪತ್ರೆಗೋ ತಂತ್ರಾಂಶ ಬರೆಯುತ್ತಿದ್ದ. ಎರಡು ರೋಗಿ ಆಬ್ಜೆಕ್ಟುಗಳಲ್ಲಿ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ ಈ ನಾಲ್ಕೂ ಹೊಂದಿದರೆ ಎರಡೂ ಸಮ ಎಂದು ಬರೆಯುವುದು ಒಳ್ಳೆಯ ರೂಢಿಯೇ ಎಂದು ಕೇಳಿದ್ದ.

ಆಬ್ಜೆಕ್ಟ್ ಎಂದರೆ ಗಾಬರಿಯಾಗಬೇಡಿ. ಆಸ್ಪತ್ರೆಗೆ ಬಂದ ಒಬ್ಬೊಬ್ಬರಿಗೂ ಕಂಪ್ಯೂಟರಿನೊಳಗೆ ಒಂದೊಂದು ಗೊಂಬೆ ಮಾಡಿ ಕೂರಿಸುತ್ತಾರೆ ಎಂದುಕೊಳ್ಳಿ, ಸಾಕು. ಎರಡು ಗೊಂಬೆ ಒಂದೇ ವ್ಯಕ್ತಿಯದೋ ಬೇರೆಯವರದೋ ಎಂದು ಹೇಗೆ ಗುರುತಿಸಬೇಕು ಎಂಬುದನ್ನು ಪ್ರೋಗ್ರಾಮರ್ ಬರೆಯುತ್ತಾನೆ. ಅವನು ಏನೂ ಬರೆಯದಿದ್ದರೆ ನಾನು ಬಲ್ಲ ಭಾಷೆಯಲ್ಲಿ ಒಂದು ಹುಟ್ಟುಗುಣ ಇದೆ. ಯಾವ ಆಬ್ಜೆಕ್ಟೂ ತನಗೆ ತಾನೇ ಸಮ, ಇನ್ನೊಂದಕ್ಕಲ್ಲ. ಕಾಲೇಜಿನಲ್ಲಿ ಇದನ್ನು ಓದಿದ ದಿನ ನನಗೆ ಆ ಭಾಷೆಯ ಮೇಲೆ ಪ್ರೀತಿ ಹುಟ್ಟಿತ್ತು. ದೊಡ್ಡವ್ವನ ಹಾಗಿದೆಯಲ್ಲ ಎಂದುಕೊಂಡಿದ್ದೆ.

ನನಗಿಂತ ಮುಂಚೆ ಬಂದವನೊಬ್ಬ, ನಾಲ್ಕೂ ಹೊಂದುವ ಇಬ್ಬರು ಇರುವುದು ಅಸಾಧ್ಯ, ಧೈರ್ಯವಾಗಿ ಬರೆಯಿರಿ ಎಂದು ಉತ್ತರ ಹಾಕಿ ಹೊಗಳಿಸಿಕೊಂಡಿದ್ದ. ನಾನು ಬೇಡ ಎಂದು ಬರೆದೆ. ನಮ್ಮೂರಿನ ಹೆಸರು ಬರೆದೆ. ಹರಕೆ, ತಾತನ ಹೆಸರು, ದೊಡ್ಡಮಾದಪ್ಪ ಚಿಕ್ಕಮಾದಪ್ಪ, ಮಾಸ್ತರು ಕೊಟ್ಟ ತಾರೀಕು ಎಲ್ಲ ಬರೆದೆ. ಸಿರಿಂಜಿನ ವಿಷಯವನ್ನೂ ಬರೆದೆ. ಪಾಯಸದ ಮಾದೇವನಿಗೆ ಕುಣಿದಾಡಿದ್ದ ಜನ ಈಗ ಕೆಳಗೆ ಒತ್ತಲು ಶುರು ಮಾಡಿದರು. ಇದು ಕಟ್ಟುಕತೆ ಎಂದರು. ಇಷ್ಟೆಲ್ಲ ಒಟ್ಟಿಗೆ ಹೊಂದುತ್ತದೆಯೇ, ಹೊಗಳಿಕೆಗೆ ಹೆಣೆದದ್ದು ಎಂದರು. ನಿಜವಾದರೂ ಇದು ಎಡ್ಜ್ ಕೇಸ್ ಎಂದ ಇನ್ನೊಬ್ಬ. ಎಲ್ಲೋ ಒಂದು ಮೂಲೆಯಲ್ಲಿ ಅಪರೂಪಕ್ಕೆ ಆಗುವಂಥದ್ದು, ತಲೆ ಕೆಡಿಸಿಕೊಳ್ಳಬೇಡಿ ಎನ್ನುವುದಕ್ಕೆ ಪ್ರೋಗ್ರಾಮರುಗಳು ಬಳಸುವ ಮರ್ಯಾದೆಯ ಮಾತು ಅದು. ಬಹಳ ಹೆಸರು ಮಾಡಿದ ಹಿರಿಯರೊಬ್ಬರು, ಕಲಿಯುವವರನ್ನು ದಾರಿ ತಪ್ಪಿಸುವ ಉತ್ತರ ಇದು, ನೀವೇ ಅಳಿಸಿದರೆ ನಿಮಗೆ ಶೋಭೆ, ಇಲ್ಲವಾದರೆ ನಾವೆಲ್ಲ ಸೇರಿ ಅಳಿಸಬೇಕಾಗುತ್ತದೆ ಎಂದು ತಣ್ಣಗೆ ಬರೆದರು.

ನನಗೆ ಸಿಟ್ಟು ಬಂತು. ಇದನ್ನು ಮೆತ್ತಗೆ ಹೇಳಲಾರೆ. ಈರೋಡಿನ ಕಚೇರಿಗೆ ಹೋದರೆ ನಮ್ಮನ್ನು ಕರ್ನಾಟಕದವರು ಎನ್ನುತ್ತಾರೆ. ಚಾಮರಾಜನಗರಕ್ಕೆ ಹೋದರೆ ತಮಿಳುನಾಡಿನವರು ಎನ್ನುತ್ತಾರೆ. ನಮ್ಮ ಮಾತನ್ನು ಇತ್ತಲವರು ಕನ್ನಡ ಎಂದು ನಗುತ್ತಾರೆ, ಅತ್ತಲವರು ಇದೂ ಕನ್ನಡವೇ ಎಂದು ನಗುತ್ತಾರೆ. ಇದೆಲ್ಲ ರೂಢಿಯಾಗಿದೆ, ನಾವೂ ಜೊತೆಗೆ ನಕ್ಕು ಟೀ ಕುಡಿದು ಬಂದಿದ್ದೇವೆ. ಆದರೆ ನೀವು ಇಲ್ಲವೇ ಇಲ್ಲ, ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ಒಳ್ಳೆಯ ರೂಢಿ ಎಂದು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಮ್ಮೂರು ಮೂಲೆಯಂತೆ. ಯಾವುದರ ಮೂಲೆ? ನಾನು ನಮ್ಮ ತಾರಸಿಯ ಮೇಲೆ ಕೂತು ನೋಡಿದರೆ ಊರು ಸರಿಯಾಗಿ ನಡುವೆಯೇ ಇದೆ, ಸುತ್ತಲೂ ಹೊಲ, ಹೊಲದಾಚೆ ಕಾಡು.

ಅಳಿಸುವುದಿಲ್ಲ ಎಂದು ಬರೆದೆ. ಇದು ನಮ್ಮ ಊರು, ನಾವು ಇಲ್ಲಿ ಹೀಗೆಯೇ ಹೆಸರಿಡುತ್ತೇವೆ, ಮುಂದೆಯೂ ಇಡುತ್ತೇವೆ. ನಿಮ್ಮ ಕೋಡಿಗೆ ಅನುಕೂಲವಾಗಲಿ ಎಂದು ನಾವು ಮಕ್ಕಳ ಹೆಸರು ಬದಲಾಯಿಸಲು ಆಗುವುದಿಲ್ಲ, ನೀವೇ ಕೋಡು ಬದಲಾಯಿಸಿ. ಹೀಗೆ ಬರೆದು ಕೆಳಗಿಳಿದು ಹೋಗಿ ಟೊಮೇಟೊ ಗಿಡಗಳಿಗೆ ಕಡ್ಡಿ ಕಟ್ಟಿದೆ. ಆವತ್ತು ಕಟ್ಟಿದ ಕಡ್ಡಿಗಳು ಇವತ್ತಿಗೂ ಅಲ್ಲಾಡಿಲ್ಲ.

ಪ್ರಶ್ನೆ ಕೇಳಿದವನು ಮಾತ್ರ ಎಲ್ಲರೂ ಬೈದು ಮುಗಿಸಿದ ಮೇಲೆ ಒಂದೇ ಒಂದು ಸಾಲು ಬರೆದ. ಹಾಗಾದರೆ ನಾನು ಏನು ಮಾಡಲಿ? ಅವನಿಗೆ ಹೇಳಿದೆ. ಬಂದವರಿಗೆಲ್ಲ ಅವರದೇ ಒಂದು ಸಂಖ್ಯೆ ಕೊಡು. ಯಾವ ವಿವರ ಹೊಂದಿದರೂ ಇಬ್ಬರನ್ನು ನೀನಾಗಿ ಒಬ್ಬನನ್ನಾಗಿ ಮಾಡಬೇಡ, ಎದುರಿಗೆ ಮನುಷ್ಯ ಕೂತಿರುತ್ತಾನೆ, ಮೊದಲು ಬಂದಿದ್ದವರು ನೀವೇನಾ ಎಂದು ಕೇಳುವ ಹಾಗೆ ಬರೆ. ಅವನು ಒಪ್ಪಿದನೋ ಇಲ್ಲವೋ ನನಗೆ ತಿಳಿಯದು. ಮರುದಿನದಿಂದ ಅವನ ಸುದ್ದಿ ಇಲ್ಲ.

ಗಾಡಿಯ ಅಂಗೈ ಮೇಲೆ ವಾಸಿಯಾದರೂ ಒಳಗೆ ಗಂಟು ಉಳಿದಿತ್ತು. ಕೊಯ್ದು ತೆಗೆಯಬೇಕು, ಬನ್ನಿ ಎಂದು ಡಾಕ್ಟರು ಹೇಳಿದ್ದರು. ಕೊಯ್ಯುವುದೆಂದರೆ ಇಂಜೆಕ್ಷನ್ ಇಲ್ಲದೆ ಆಗುತ್ತದೆಯೇ? ದೊಡ್ಡವ್ವ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಗಿನ ಮಂಜಿನಲ್ಲಿ ಹೊರಟು ಘಾಟಿಯ ನೆತ್ತಿಯಲ್ಲಿರುವ ದಿಂಬಂ ತಲುಪಿ ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಅಲ್ಲಿಂದ ಮುಂದೆ ಬರೀ ತಿರುವುಗಳು, ಹೊಟ್ಟೆಯಲ್ಲಿ ಏನಾದರೂ ಬಿಸಿ ಬಿದ್ದಿದ್ದರೆ ವಾಸಿ. ಸಿಗ್ನಲ್ಲು ಚೆನ್ನಾಗಿತ್ತು. ಫೋನು ತೆಗೆದರೆ ನನ್ನ ಉತ್ತರವನ್ನು ಅಳಿಸಲು ಇನ್ನೂ ಕೆಲವರು ಕೈ ಎತ್ತಿದ್ದರು.

ನನ್ನ ಮುಖ ನೋಡಿ ಗಾಡಿ ಏನೆಂದು ಕೇಳಿದ. ಪೂರ್ತಿ ಹೇಳಿದೆ. ಅವನು ಎಡಗೈಯಲ್ಲಿ ಲೋಟ ಹಿಡಿದು ನಿಧಾನವಾಗಿ ಕೇಳಿಸಿಕೊಂಡ.

“ಅಂಗಾರೆ ನಾನ್ ಇಲ್ಲ ಅಂತಾರಾ?”

“ಇದೀಯ. ಆದ್ರೆ ಬೋ ಅಪ್ರೂಪ ಅಂತೆ.”

“ನಾನಾ?” ಗಾಡಿ ನಕ್ಕ. “ನನ್ ಎಡ್ತಿ ಕೇಳ್ಬೇಕು ಇದ್ನ.” ಲೋಟ ಕೆಳಗಿಟ್ಟು, “ನೀ ಅಳ್ಸುಬುಟ್ಯಾ?” ಎಂದ.

“ಇಲ್ಲ.”

“ಅಳ್ಸ್‌ಬೇಡ ಕಣ್ಲಾ. ನಾ ಸತ್ತೋಗಿದ್ರೆ ಅಳ್ಸು ಅಂತಿದ್ದೆ. ಬದ್ಕಿವ್ನಲ್ಲ.”

ದೊಡ್ಡವ್ವ ಟೀ ಮುಟ್ಟಿರಲಿಲ್ಲ. ನಮ್ಮ ಮಾತು ಅವಳಿಗೆ ಎಷ್ಟು ಅರ್ಥವಾಯಿತೋ. “ಯಾರ್ಲಾ ಅವ್ರು ಇಬ್ರೂ ಒಂದೇ ಅಂದೋರು? ಎತ್ತೋಳ್ ನಾನು” ಎಂದಳು. ಟೀ ಅಂಗಡಿಯವನು ತಣ್ಣಗಾದ ಲೋಟ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದುಕೊಟ್ಟ. ಅವನ ಹೆಸರನ್ನು ನಿಮಗೆ ಹೇಳಬೇಕಾಗಿಲ್ಲ.

ಆಸ್ಪತ್ರೆಯ ಬೆಂಚುಗಳು ತುಂಬಿದ್ದವು. ನಮ್ಮೂರಿನ ಸುಮ್ಕಿರೋ ಮಾದೇವಣ್ಣನೂ ಮಂಡಿ ನೋವೆಂದು ಮುಂಚಿನ ಬಸ್ಸಿಗೆ ಬಂದು, ಇಲ್ಲಿಯೂ ಒಂದು ಕಂಬ ಹುಡುಕಿ ಅದರ ಪಕ್ಕದ ಕುರ್ಚಿ ಹಿಡಿದಿದ್ದರು. ನಮ್ಮನ್ನು ನೋಡಿ ಗಲ್ಲ ಅಲ್ಲಾಡಿಸಿದರು. ಅವರ ಮಟ್ಟಿಗೆ ಅದು ಭಾಷಣ. ನಾವು ಹೆಸರು ಬರೆಸಿ ಎದುರು ಸಾಲಿನಲ್ಲಿ ಕೂತೆವು. ಕೌಂಟರಿನಲ್ಲಿ ಅದೇ ನರ್ಸು ಇರಲಿಲ್ಲ, ಹೊಸಬಳು. ಹಳೆಯ ಸಂಗತಿ ಇವಳಿಗೆ ಗೊತ್ತಿರುವಂತೆ ಕಾಣಲಿಲ್ಲ. ಪರದೆಯಲ್ಲಿ ಯಾವ ಸಾಲು ಮೊದಲು ಕಾಣುತ್ತದೆಯೋ ಎಂದು ನಾನು ಅವಳ ಕಡೆಗೇ ನೋಡುತ್ತಿದ್ದೆ.

ಅವಳು ತಲೆ ಎತ್ತಿ ಕರೆದಳು. “ಎಂ. ಮಾದೇವನ್. ಅಪ್ಪಾ ಪೇರು ಮಾದಪ್ಪನ್. ಪಣಕಹಳ್ಳಿ.”

ಗಾಡಿ ಎದ್ದ. ನಾನು ಕೂತಿರಬಹುದಿತ್ತು. ಕೂತಿದ್ದರೆ ಹೇಳಿಕೊಳ್ಳುವಂಥ ತಪ್ಪೇನೂ ಆಗುತ್ತಿರಲಿಲ್ಲ, ಒಳಗೆ ಹೋಗಿ ಡಾಕ್ಟರಿಗೆ ಮತ್ತೆ ವಿವರಿಸಬಹುದಿತ್ತು. ಆದರೆ ನಾನೂ ಎದ್ದೆ. ದೊಡ್ಡವನಾದ ಮೇಲೆ ಮೊದಲ ಸಲ ಬರೀ ಮಾದೇವ ಎಂಬ ಕೂಗಿಗೆ ಎದ್ದು ನಿಂತೆ. ನರ್ಸು ಇಬ್ಬರನ್ನೂ ನೋಡಿ, ಒಬ್ಬರು ಕೂತುಕೊಳ್ಳಿ ಎಂದು ಕೈ ಆಡಿಸಿದಳು. ನಾವು ಕೂರಲಿಲ್ಲ. ಯಾರು ಮಾದೇವನ್ ಎಂದು ಕೇಳಿದಳು. ನಾನು, ನಾನು ಎಂದೆವು. ಅಷ್ಟರಲ್ಲಿ ಹಿಂದೆ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಸುಮ್ಕಿರೋ ಮಾದೇವಣ್ಣ ಕಂಬ ಹಿಡಿದು, ನೋಯುವ ಮಂಡಿಯ ಮೇಲೆ ಎದ್ದು ನಿಂತಿದ್ದರು. ಅವರ ತಂದೆಯೂ ಮಾದಪ್ಪ. ಅದು ಆ ಗಳಿಗೆಯವರೆಗೂ ನನಗೆ ನೆನಪಿಗೇ ಬಂದಿರಲಿಲ್ಲ.

ನರ್ಸಿನ ಕೈ ಕೀಲಿಗಳ ಮೇಲೆ ನಿಂತುಬಿಟ್ಟಿತು. ಬೆಂಚಿನವರೆಲ್ಲ ನಮ್ಮ ಕಡೆ ತಿರುಗಿದರು. ಯಾರೋ ನಕ್ಕರು, ಮತ್ಯಾರೋ ಎದ್ದು ನೋಡಿದರು. ನಾವು ಮೂವರೂ ಕೌಂಟರಿನ ಕಡೆ ಮುಖ ಮಾಡಿ ನಿಂತಿದ್ದೆವು.

ದೊಡ್ಡವ್ವನಿಗೆ ತಡೆಯಲಾಗಲಿಲ್ಲ. ಬೆಂಚಿನಿಂದ ಎದ್ದು ಕೌಂಟರಿನ ಹತ್ತಿರ ಹೋಗಿ, ನಮ್ಮ ಕಡೆ ನೋಡದೆ, ಅರಳಿಕಟ್ಟೆಯ ಕಾಲದ ಅದೇ ಕೂಗನ್ನು ಹಾಕಿದಳು. ‘ಮಾ’ ಗಿಡ್ಡ, ‘ದೇ’ ಉದ್ದ, ಕೊನೆಯಲ್ಲಿ ಆ ತಿರುವು. ಇಡೀ ಆಸ್ಪತ್ರೆ ಕೇಳಿಸಿಕೊಂಡಿತು. ಗಾಡಿ ಒಬ್ಬನೇ ನಡೆದು ಹೋಗಿ ಅವಳ ಪಕ್ಕ ನಿಂತ.

“ಇವ್ನು ನನ್ ಮಗ. ಇವ್ನ್ಗೆ ಆ ಸೂಜಿ ಆಗಲ್ಲ. ಬೇರೆ ಮಾಡಿ ಬರ್ಕೊ ಕಣವ್ವ” ಎಂದಳು ದೊಡ್ಡವ್ವ.

ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಅಮ್ಮಾ ಎಂದಳು ನರ್ಸು. ಅವಳ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

“ತಕ್ಕೊಳೋಗಂಟ ನಾವ್ ಇಲ್ಲೇ ಇರ್ತೀವಿ.”

ನರ್ಸು ಎದ್ದು ಡಾಕ್ಟರ ಕೋಣೆಯ ಕಡೆ ಹೋದಳು. ನಾನೂ ಮಾದೇವಣ್ಣನೂ ನಿಂತೇ ಇದ್ದೆವು.